ಪ್ರೋಟೀನನ್ನು ತೆಗೆದರೆ ಸಾಲದು, ವಾಪಸ್ ಹಾಕಿಯೂ ನೋಡಬೇಕು

ಬೇಸಿಗೆಯಲ್ಲಿ ನಮ್ಮ ಲ್ಯಾಬ್‌ಗೆ ಪ್ರಾಜೆಕ್ಟ್ ಮಾಡಲು ಎಂಎಸ್ಸಿ ಮಕ್ಕಳು ಬರುತ್ತಾರೆ. ಜೀವಕೋಶದಿಂದ ಒಂದು ಪ್ರೋಟೀನ್ ಕಡಿಮೆ ಮಾಡಿ, ಕೋಶ ಕೆಟ್ಟಿದ್ದನ್ನು ಕಂಡ ಕೂಡಲೇ "ಮೇಡಂ, ಪ್ರೂವ್ ಆಯ್ತಲ್ವಾ?" ಅಂತ ಕೇಳುತ್ತಾರೆ. ಇನ್ನೂ ಇಲ್ಲ. ಆ ಪ್ರೋಟೀನನ್ನು ವಾಪಸ್ ಕೊಟ್ಟಾಗ ಕೋಶ ಸರಿಹೋಗಬೇಕು. ಬೆಂಗಳೂರಿನಲ್ಲಿ ನನ್ನ ಪಿಎಚ್‌ಡಿಯ ಹೆಚ್ಚಿನ ಸಮಯ ಹೋಗಿದ್ದು ಇದಕ್ಕೇ.

ನಾನು ನೋಡುತ್ತಿದ್ದ ಪ್ರೋಟೀನ್ ಇಜಿ5. ಕೋಶ ಎರಡಾಗುವಾಗ ಮೈಕ್ರೋಟ್ಯೂಬ್ಯೂಲ್ ಎಳೆಗಳು ಸೇರಿ ಎರಡು ತುದಿಯ ಸ್ಪಿಂಡಲ್ ಕಟ್ಟುತ್ತವೆ. ಆ ಎರಡು ತುದಿಗಳನ್ನು ದೂರ ತಳ್ಳುವುದು ಇಜಿ5 ಕೆಲಸ. ಬಳಸಿದ್ದು ಹೀಲಾ ಕೋಶಗಳು, ಅಂದರೆ ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್ ಇದ್ದರೆ ಚೆನ್ನಾಗಿ ಬೆಳೆಯುತ್ತವೆ.

ಪ್ರೋಟೀನ್ ಇಳಿಸಲು ಸುಮಾರು 21 ಅಕ್ಷರದ ಎಸ್‌ಐಆರ್‌ಎನ್‌ಎ ಎಂಬ ಚಿಕ್ಕ ಆರ್‌ಎನ್‌ಎ ತುಂಡು ಕೊಡುತ್ತೇವೆ. ಅದು ಇಜಿ5ರ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಸಂದೇಶ) ಹುಡುಕಿ ಕತ್ತರಿಸುವಂತೆ ಮಾಡುತ್ತದೆ. ಆದರೆ ಆಗಲೇ ತಯಾರಾದ ಪ್ರೋಟೀನ್ ತಾನಾಗಿ ಕರಗಬೇಕು, ಅದಕ್ಕೆ ಒಂದೆರಡು ದಿನ ಕಾಯಬೇಕು. ಆಮೇಲೆ ವೆಸ್ಟರ್ನ್ ಬ್ಲಾಟ್, ಯಾವ ಪ್ರೋಟೀನ್ ಎಷ್ಟಿದೆ ಅಂತ ಬ್ಯಾಂಡ್‌ಗಳಾಗಿ ತೋರಿಸುವ ಪರೀಕ್ಷೆ. ಇಜಿ5 ಬ್ಯಾಂಡ್ ಮಸುಕಾಗಿರಬೇಕು, ನಾವು ಇಳಿಸದ ಇನ್ನೊಂದು ಪ್ರೋಟೀನ್ ಟ್ಯೂಬ್ಯುಲಿನ್‌ನ ಬ್ಯಾಂಡ್ ಇದ್ದ ಹಾಗೇ ಇರಬೇಕು. ಇದನ್ನು ನೋಡದೆ ಮೈಕ್ರೋಸ್ಕೋಪ್ ಮುಂದೆ ಕೂರುವುದು ವ್ಯರ್ಥ.

ಕಾನ್ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ಕಂಡಿದ್ದು ಇಷ್ಟು. ಸಾಮಾನ್ಯ ಕೋಶದಲ್ಲಿ ಎರಡು ತುದಿ, ನಡುವೆ ಸಾಲಾಗಿ ಕ್ರೋಮೋಸೋಮ್‌ಗಳು. ಇಜಿ5 ಇಳಿದ ಕೋಶದಲ್ಲಿ ಒಂದೇ ತುದಿ. ಅದರಿಂದ ಎಳೆಗಳು ಸೇವಂತಿಗೆ ಎಸಳಿನ ಹಾಗೆ ಸುತ್ತಲೂ ಹರಡಿ, ಕ್ರೋಮೋಸೋಮ್‌ಗಳು ಅದರ ಸುತ್ತ ಬಳೆಯಾಗಿ ನಿಂತಿದ್ದವು. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ಚಿತ್ರ ಅದು. ಎಣಿಸುವಾಗ ಮಾತ್ರ ಸ್ಲೈಡ್‌ಗಳ ಹೆಸರು ಮುಚ್ಚಿ, ಗೆಳತಿಯಿಂದ ಬರೀ ನಂಬರ್ ಹಾಕಿಸುತ್ತಿದ್ದೆ. ಯಾವುದು ಯಾವ ಸ್ಲೈಡ್ ಅಂತ ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ನೋಡುತ್ತದೆ.

ಆದರೂ ಅನುಮಾನ ಉಳಿಯುತ್ತದೆ. ಎಸ್‌ಐಆರ್‌ಎನ್‌ಎ ಅಷ್ಟಿಷ್ಟು ಹೋಲುವ ಬೇರೆ ಜೀನ್‌ಗಳನ್ನೂ ತಟ್ಟಬಹುದು. ಹಾಗಾಗಿ ಇಜಿ5 ವಾಪಸ್ ಕೊಡಬೇಕು, ಆದರೆ ಕೊಟ್ಟಿದ್ದನ್ನೂ ಎಸ್‌ಐಆರ್‌ಎನ್‌ಎ ಕತ್ತರಿಸಬಾರದು. ಇಲ್ಲಿ ಜೀವ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ಪ್ರೋಟೀನಿನ ಇಟ್ಟಿಗೆಯಾದ ಒಂದೇ ಅಮೈನೋ ಆಮ್ಲವನ್ನು ಹಲವು ಮೂರಕ್ಷರದ ಕೋಡಾನ್‌ಗಳಲ್ಲಿ ಬರೆಯಬಹುದು. ಲ್ಯೂಸಿನ್‌ಗೆ 6 ಇವೆ. ಎಸ್‌ಐಆರ್‌ಎನ್‌ಎ ಅಂಟುವ ಜಾಗದಲ್ಲಿ, ವಾಪಸ್ ಕೊಡುವ ಇಜಿ5 ಡಿಎನ್‌ಎಯ ಕೆಲವು ಅಕ್ಷರ ಬದಲಿಸಿದೆ. ಪ್ರೋಟೀನ್ ಅದೇ, ಎಸ್‌ಐಆರ್‌ಎನ್‌ಎಗೆ ಗುರುತು ಸಿಗುವುದಿಲ್ಲ. ಯಾವ ಕೋಶಕ್ಕೆ ಅದು ಸೇರಿತು ಅಂತ ತಿಳಿಯಲು ಜೆಲ್ಲಿ ಮೀನಿನಿಂದ ಬಂದ, ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಜೋಡಿಸಿದೆ. ತುಂಬಾ ಹೊಳೆಯುವ ಕೋಶಗಳನ್ನು ಬಿಟ್ಟೆ. ಅಲ್ಲಿ ಪ್ರೋಟೀನ್ ಅಗತ್ಯಕ್ಕಿಂತ ಜಾಸ್ತಿ ಇರುತ್ತದೆ. ಮಂದವಾದ ಹಸಿರು ಕೋಶಗಳಲ್ಲಿ ಎರಡು ತುದಿ ಮತ್ತೆ ಕಂಡವು.

ಇಜಿ5ರ ಬಾಲದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಒಂದಿದೆ. ಸಿಡಿಕೆ1 ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಸೇರಿಸಿದಾಗಲೇ ಇಜಿ5 ಸ್ಪಿಂಡಲ್ ಮೇಲೆ ಸರಿಯಾಗಿ ಕೂರುವುದು. ಆ ಥ್ರಿಯೋನಿನ್ ಬದಲು ಫಾಸ್ಫೇಟ್ ಸೇರಿಸಲಾಗದ ಅಲನಿನ್ ಇಟ್ಟ ಇಜಿ5 ಕೊಟ್ಟಾಗ ಒಂಟಿ ತುದಿಯ ಕೋಶಗಳು ಹಾಗೇ ಉಳಿದವು. ಪ್ರೋಟೀನ್ ಇತ್ತು, ಕೂರಬೇಕಾದಲ್ಲಿ ಕೂತಿರಲಿಲ್ಲ. ಬರೀ ತೆಗೆದು ನೋಡಿದ್ದರೆ ಈ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಈಗ ಮಕ್ಕಳಿಗೆ ಎಸ್‌ಐಆರ್‌ಎನ್‌ಎ ತರಿಸುವ ದಿನವೇ ವಾಪಸ್ ಹಾಕುವ ಡಿಎನ್‌ಎಯನ್ನೂ ಡಿಸೈನ್ ಮಾಡಿಸುತ್ತೇನೆ. ಆ ಡಿಎನ್‌ಎ ಕಟ್ಟುವ ಕ್ಲೋನಿಂಗ್‌ಗೇ ಜಾಸ್ತಿ ಸಮಯ ಬೇಕು.