ವಾಸ್ತುಶಿಲ್ಪಿ ಕ್ಯಾಂಪಸ್ ಯೋಜಕರಾಗುವುದು ಹೇಗೆ

ಕಟ್ಟಡ ಮುಗಿದ ಮೇಲೆ ವಾಸ್ತುಶಿಲ್ಪಿ ಕೀಲಿಕೈ ಒಪ್ಪಿಸಿ ಹೊರಡಬಹುದು. ಕಾಲೇಜು, ವಿಶ್ವವಿದ್ಯಾಲಯದ ಇಡೀ ಆವರಣ ಹೇಗೆ ಬೆಳೆಯಬೇಕೆಂದು ಯೋಜಿಸುವ ಕ್ಯಾಂಪಸ್ ಯೋಜಕರಿಗೆ ಹಾಗೆ ಒಪ್ಪಿಸುವ ದಿನ ಬರುವುದೇ ಇಲ್ಲ. ಕಲಬುರಗಿ, ಬೀದರ್ ಭಾಗದಲ್ಲಿ ಕೆಲಸ ಮಾಡುತ್ತಿರುವ ವಾಸ್ತುಶಿಲ್ಪಿಗಳು ಈ ವೃತ್ತಿಗೆ ಹೊರಳುವ ಮೊದಲು ಆ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು.

ವಿದ್ಯಾರ್ಹತೆಯ ದಾರಿ ನೇರವಾಗಿದೆ. ಐದು ವರ್ಷದ ವಾಸ್ತುಶಿಲ್ಪ ಪದವಿ ಬಿ.ಆರ್ಕ್ ಮುಗಿಸಿ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಗೇಟ್ ಪರೀಕ್ಷೆಯ ವಾಸ್ತುಶಿಲ್ಪ ಮತ್ತು ಯೋಜನೆ ಪತ್ರಿಕೆ ಬರೆದು ಯೋಜನೆಯ ಎರಡು ವರ್ಷದ ಸ್ನಾತಕೋತ್ತರ ಪದವಿಯಾದ ಎಂ.ಪ್ಲಾನ್ ಸೇರಬಹುದು. ಪದವಿ ಅನುಕೂಲ ನಿಜ, ಆದರೆ ನೆಲ ಓದಲು, ಅಂದರೆ ಅದರ ಮಣ್ಣು, ಇಳಿಜಾರು, ನೀರಿನ ಹರಿವನ್ನು ಅರಿಯಲು ಬಾರದವರಿಗೆ ಅದರಿಂದ ಹೆಚ್ಚೇನೂ ಆಗದು.

ನೆಲ ಓದುವುದನ್ನು ಮಳೆಗಾಲದಲ್ಲೇ ಕಲಿಯಬೇಕು. ನಾನು ಮೊದಲ ಬಾರಿಗೆ ಒಂದು ಕಾಲೇಜಿನ ಆವರಣವನ್ನು ಜನವರಿಯಲ್ಲಿ ಅಳೆದು, ಒಣಗಿ ನಿಂತಿದ್ದ ತಗ್ಗಿನಲ್ಲಿ ವಾಹನ ನಿಲ್ದಾಣ ಗುರುತಿಸಿದ್ದೆ. ಸೆಪ್ಟೆಂಬರ್ ಮಳೆಗೆ ಅದು ಹಳ್ಳವಾಗಿ ಹರಿಯಿತು. ಊರಿನ ಯಾವ ರೈತನನ್ನು ಕೇಳಿದ್ದರೂ ನಕ್ಕು ಹೇಳಿರುತ್ತಿದ್ದ. ಕಲಬುರಗಿಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಅಡಿಪಾಯದಷ್ಟೇ ಎಚ್ಚರ ಕಾಂಪೌಂಡ್ ಗೋಡೆಗೂ ರಸ್ತೆಗೂ ನೆಲದಡಿಯ ಕೊಳವೆಗೂ ಬೇಕು. ಬೀದರಿನ ಜಂಬಿಟ್ಟಿಗೆ ನೆಲದ ಸ್ವಭಾವವೇ ಬೇರೆ; ನೆಲದಡಿಯ ಸುರಂಗದಲ್ಲಿ ನೀರು ಹರಿಸುತ್ತಿದ್ದ ಅಲ್ಲಿನ ನೌಬಾದಿನ ಸುರಂಗ ಬಾವಿಯನ್ನು ಒಮ್ಮೆ ನೋಡಿ ಬಂದರೆ, ನೀರಿನ ವ್ಯವಸ್ಥೆಯನ್ನು ಕಟ್ಟಡಕ್ಕಿಂತ ಮೊದಲು ಏಕೆ ಯೋಚಿಸಬೇಕೆಂಬುದು ತಿಳಿಯುತ್ತದೆ.

ಅದೇ ಊರಿನಲ್ಲಿ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಕಟ್ಟಿಸಿದ, 1472ರಲ್ಲಿ ಪೂರ್ಣಗೊಂಡ ಮದರಸಾವನ್ನೂ ಸ್ಮಾರಕವೆಂದಲ್ಲ, ನಕ್ಷೆಯೆಂದು ನೋಡಿ. ಪಾಠದ ಹಜಾರ, ಗ್ರಂಥಾಲಯ, ವಿದ್ಯಾರ್ಥಿಗಳ ಕೋಣೆ, ಅಧ್ಯಾಪಕರ ವಸತಿ ಎಲ್ಲವೂ ಒಂದೇ ಅಂಗಳದ ಸುತ್ತ ಮೂರು ಅಂತಸ್ತಿನಲ್ಲಿ ಸೇರಿವೆ. ಇದಕ್ಕೆ ವಿರುದ್ಧವಾಗಿ, ನೂರಾರು ಎಕರೆಯ ಇಂದಿನ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳನ್ನು ದೂರ ದೂರ ಚೆದುರಿಸಿದರೆ, ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಹಾಸ್ಟೆಲಿನಿಂದ ಗ್ರಂಥಾಲಯಕ್ಕೆ ನಡೆಯುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಆ ದಾರಿಯನ್ನು ಅದೇ ಹೊತ್ತಿನಲ್ಲಿ ನೀವೇ ನಡೆಯಿರಿ. ಶಹಾಬಾದ್ ಫರಸಿ ಹಾಸಿದ ದಾರಿಗೆ ಬೇವಿನ ನೆರಳು ಎಲ್ಲಿ ತಪ್ಪಿದೆಯೆಂದು ಬರೆದುಕೊಳ್ಳಿ; ಇಳಿಜಾರು ದಾರಿ 1:12ಕ್ಕಿಂತ (12 ಅಡಿ ಉದ್ದಕ್ಕೆ 1 ಅಡಿ ಏರು) ಕಡಿದಾಗಿದ್ದರೆ ಗಾಲಿಕುರ್ಚಿಯವರಿಗೆ ಕಷ್ಟವೆಂಬುದನ್ನೂ ಗುರುತಿಸಿ.

ವಾಸ್ತುಶಿಲ್ಪಿಗಳು ಹೆಚ್ಚಾಗಿ ಎಡವುವುದು ವೇಳಾಪಟ್ಟಿಯ ಲೆಕ್ಕದಲ್ಲಿ. ಹೊಸ ಕಟ್ಟಡ ಕೇಳಿದ ಕೂಡಲೇ ಪೆನ್ಸಿಲ್ ಹಿಡಿಯುವುದು ನಮ್ಮ ಹಳೆಯ ಚಟ. ವಾರಕ್ಕೆ 40 ಗಂಟೆ ಸಿಗುವ ಕೊಠಡಿಯಲ್ಲಿ 20 ಗಂಟೆ ಮಾತ್ರ ಪಾಠ ನಡೆದು, ಆಗಲೂ ಅರ್ಧ ಆಸನ ಖಾಲಿ ಇದ್ದರೆ, ಬಳಕೆಯಾಗುತ್ತಿರುವುದು ಸಾಮರ್ಥ್ಯದ ಶೇ. 25 ಮಾತ್ರ. ಅಂಥ ಕಡೆ ಬೇಕಾದದ್ದು ಹೊಸ ಕಟ್ಟಡವಲ್ಲ, ಹೊಸ ವೇಳಾಪಟ್ಟಿ. ಇದನ್ನು ಆಡಳಿತ ಮಂಡಳಿಯ ಮುಂದೆ ಹೇಳಲು ಧೈರ್ಯ ಬೇಕು, ಏಕೆಂದರೆ ಶಂಕುಸ್ಥಾಪನೆಯ ಕಲ್ಲು ಆಗಲೇ ಕೆತ್ತಿಸಿರುತ್ತಾರೆ.

ಕೆಲಸ ಕೇಳಲು ಹೋಗುವಾಗ ಬಣ್ಣದ ಮುಂಭಾಗದ ಚಿತ್ರಗಳನ್ನು ಮನೆಯಲ್ಲೇ ಬಿಡಿ. ನಿಮಗೆ ಪರಿಚಯವಿರುವ ಒಂದು ಆವರಣವನ್ನು ಆಯ್ದುಕೊಂಡು ಅದರ ನೀರಿನ ಹರಿವು, ನೆರಳು, ಕೊಠಡಿ ಬಳಕೆ, ಇಪ್ಪತ್ತು ವರ್ಷದ ಹಂತಗಳನ್ನು ತೋರಿಸುವ ನಾಲ್ಕು ಹಾಳೆಗಳನ್ನು ಒಯ್ಯಿರಿ. ಮೊದಲ ಹಂತದಲ್ಲಿ ಏನನ್ನು ಕಟ್ಟಬಾರದು ಎಂಬುದನ್ನು ಕೊನೆಯ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿರಲಿ.