ತಾರಸಿಯ ಫ್ಯಾನು, ಧಕ್ಕೆಯ ಐಸು

ಕರಾವಳಿಯಲ್ಲಿ ನೀರನ್ನು ಹೊತ್ತು ಕೆಳಗಿಳಿಸುವವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಮಂಗಳೂರಿನಲ್ಲಿ ನಾನು ಹೋಟೆಲಿನ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ತೊಳೆದು, ನಾಲ್ಕನೇ ಮಹಡಿಯ ತಾರಸಿಯಿಂದ ಆ ಕೊಳಕು ನೀರನ್ನು ಕ್ಯಾನುಗಳಲ್ಲಿ ತುಂಬಿಸಿ ಮೆಟ್ಟಿಲಿಳಿಸುತ್ತೇನೆ. ‘ಎಂತ ಮಾರಾಯರೇ, ಪೈಪಿಗೆ ಬಿಟ್ಟರೆ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ನಿಮಗೆ ಯಾಕೆ ಈ ಉಪದ್ರ?’ ಎಂದು ಇದೇ ಕಸುಬಿನ ಗೆಳೆಯರೊಬ್ಬರು ಕೇಳಿದ್ದರು. ಕಳೆದ ತಿಂಗಳು ಅವರೇ ಫೋನ್ ಮಾಡಿ, ‘ಆ ಟ್ಯೂಬು ಎಷ್ಟು ಇಂಚಿನದ್ದು?’ ಎಂದು ವಿಚಾರಿಸಿದರು. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮಾನ ಮೊದಲು ಹೋದದ್ದು ದೋಸೆ ಹಿಟ್ಟಿನಲ್ಲಿ. ಹಂಪನಕಟ್ಟೆಯ ಕಡೆ ಒಂದು ಹೋಟೆಲು. ರಾತ್ರಿ ಹನ್ನೊಂದೂವರೆಗೆ ಒಲೆ ಆರಿದ ಮೇಲೆ ಹತ್ತಿ, ನಾಲ್ಕೂವರೆಗೆ ಇಡ್ಲಿ ಬೇಯಲು ಇಡುವ ಮೊದಲು ಇಳಿಯಬೇಕು. ತಾರಸಿಯ ನೀರು ಹೋಗುವ ಮೂರೂ ತೂತುಗಳಿಗೆ ಗೋಣಿ ತುರುಕಿ, ಬುದ್ಧಿವಂತನೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಫ್ಯಾನಿನ ಹೊಟ್ಟೆಯಿಂದ ಡಕ್ಟಿನೊಳಗೆ, ಅಂದರೆ ಹೊಗೆ ಏರಿ ಬರುವ ಕೊಳವೆಯೊಳಗೆ, ಇಳಿಯುವ ನೀರಿನ ನೆನಪೇ ಆಗಲಿಲ್ಲ. ಅದು ನಾಲ್ಕು ಮಹಡಿ ಇಳಿದು, ಒಲೆಯ ಮೇಲಿನ ಹೊಗೆ ಹಿಡಿಯುವ ಹುಡ್ಡಿನ ಮೂಲೆಯ ಬಿರುಕಿನಿಂದ ತೊಟ್ಟಿಕ್ಕಿ, ರುಬ್ಬಿಟ್ಟ ಹಿಟ್ಟಿನ ಪಾತ್ರೆಗೆ ಸೇರಿತು. ಅಡುಗೆ ಭಟ್ಟರು ಮುಚ್ಚಳ ಸರಿಸಿ ನೋಡಿದರು. ಬೈಯಲಿಲ್ಲ. ಕೈ ತೊಳೆದು ಬಂದು, ಕುರ್ಚಿ ಎಳೆದು, ನನ್ನ ಎದುರಿಗೇ ಕುಳಿತರು. ಬೈದಿದ್ದರೆ ವಾಸಿಯಿತ್ತು. ಸುಮಾರು 40 ಲೀಟರ್ ಹಿಟ್ಟು. ನನ್ನ ಕೂಲಿ 3,500 ರೂಪಾಯಿ. ಹಿಟ್ಟಿಗೆ ಮತ್ತು ಬೆಳಗಿನ ವ್ಯಾಪಾರಕ್ಕೆ ಸೇರಿಸಿ ನಾನು ಕೊಟ್ಟದ್ದು 6,000.

ಎರಡನೆಯದು ಉಡುಪಿಯಲ್ಲಿ, ಇದಕ್ಕಿಂತ ದೊಡ್ಡದು. ಹೋಟೆಲಿನ ಹಿಂದೆಯೇ ಧನಿಗಳ ಮನೆ. ತಾರಸಿಯ ಮಳೆನೀರನ್ನು ಜಲ್ಲಿ, ಇದ್ದಿಲು, ಮರಳಿನ ತೊಟ್ಟಿಯ ಮೂಲಕ ಮನೆಯ ಬಾವಿಗೆ ಬಿಟ್ಟಿದ್ದರು. ನಮ್ಮ ಕಡೆ ಈಗ ಇದು ಸಾಮಾನ್ಯ. ಬೇಸಿಗೆಯಲ್ಲಿ ಆ ಪೈಪನ್ನು ಹೊರಗೆ ತಿರುಗಿಸುವ ಕವಾಟವೊಂದು ಇರುತ್ತದೆ. ಅದು ಯಾವ ಕಡೆಗಿದೆ ಎಂದು ನಾನು ನೋಡಲಿಲ್ಲ. ಬೆಳಿಗ್ಗೆ ಮನೆಯಾಕೆ ಎಳೆದ ಕೊಡಪಾನದಲ್ಲಿ ನೊರೆ. ಬಾವಿಕಟ್ಟೆಯಿಂದ ಬಗ್ಗಿ ನೋಡಿದರೆ ನೀರಿನ ಮೇಲೆ ನವಿಲುಗರಿಯ ಬಣ್ಣದ ಪದರ. ಎರಡು ಸಲ ಬಾವಿ ಬತ್ತಿಸಿ, ಗೋಡೆ ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿ, ವಾರವಿಡೀ ಟ್ಯಾಂಕರ್ ನೀರು ತರಿಸಿಕೊಟ್ಟೆ. ಎಲ್ಲ ಸೇರಿ 18,000ದ ಹತ್ತಿರ. ಪಾಲುದಾರನಾಗಿದ್ದ ಭಾವ ಅಂದೇ ಲೆಕ್ಕ ಚುಕ್ತಾ ಮಾಡಿಕೊಂಡು, ಎ.ಸಿ. ರಿಪೇರಿಯ ಕಡೆಗೆ ಹೋದರು.

ಇನ್ನು ಮುಂದೆ ಒಂದು ಹನಿಯೂ ಫ್ಯಾನಿನ ಸುತ್ತಿನಿಂದ ಹೊರಗೆ ಹೋಗಬಾರದೆಂದು ಹಠ ಹಿಡಿದೆ. ಮಕ್ಕಳು ಆಡುವ ಗಾಳಿ ತುಂಬಿಸುವ ತೊಟ್ಟಿ ತಂದೆ. ಮೊದಲ ರಾತ್ರಿಯೇ ನಟ್ಟಿನ ಮೊನೆ ತಾಗಿ ಠುಸ್ಸೆಂದಿತು, 1,200 ಹೋಯಿತು. ಪಿ.ವಿ.ಸಿ. ಚೌಕಟ್ಟಿಗೆ ಅಡಿಕೆ ಒಣಗಿಸುವ ಸಿಲ್ಪಾಲಿನ್ ಕಟ್ಟಿದೆ. ಶೀಟು ಒಳ್ಳೆಯದೇ, ಆದರೆ ಹಳೆಯ ತಾರಸಿಗಳ ಏರುತಗ್ಗಿಗೆ ಚೌಕಟ್ಟು ಕೂರುವುದಿಲ್ಲ. ಕೊನೆಗೆ ಪಂಕ್ಚರ್ ಅಂಗಡಿಯ ಹೊರಗೆ ಬಿದ್ದಿದ್ದ ಲಾರಿ ಟ್ಯೂಬು ಕಣ್ಣಿಗೆ ಬಿತ್ತು. ಅದನ್ನು ಕತ್ತರಿಸಿ, ತುದಿ ಕಟ್ಟಿ, ಗಾಳಿಯ ಬದಲು ಮುಕ್ಕಾಲು ಪಾಲು ನೀರು ತುಂಬಿಸಿ ಫ್ಯಾನಿನ ಬುಡಕ್ಕೆ ಸುತ್ತಿದರೆ, ಹೆಬ್ಬಾವು ಸುತ್ತಿಕೊಂಡ ಹಾಗೆ ಪ್ರತಿ ತಗ್ಗಿಗೂ ತನ್ನ ಭಾರದಿಂದಲೇ ಅಂಟಿ ಕೂರುತ್ತದೆ. ಟ್ಯೂಬಿಗೂ ಸಿಮೆಂಟಿಗೂ ನಡುವೆ ನಾನು ಒಂದು ವಸ್ತುವನ್ನು ಹಚ್ಚುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು. ಡಕ್ಟಿನ ಬಾಯಿಗೆ ಅಗಲ ತಟ್ಟೆ ತೂರಿಸಿ ಅಂಚನ್ನು ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯುತ್ತೇನೆ. ಒಳಗೆ ನಿಂತದ್ದನ್ನು 9,000ಕ್ಕೆ ಕೊಂಡ ಸೆಕೆಂಡ್‌ಹ್ಯಾಂಡ್ ವ್ಯಾಕ್ಯೂಮ್ ಎಳೆದುಕೊಳ್ಳುತ್ತದೆ.

ಹಿಡಿದೆ ಸರಿ, ಹಿಡಿದದ್ದನ್ನು ಏನು ಮಾಡುವುದು? ಆಗ ಒಂದು ಫ್ಯಾನಿಗೆ 180-200 ಲೀಟರ್ ನೀರು ಹೋಗುತ್ತಿತ್ತು. ಹಾಲಿನಂತೆ ಬೆಳ್ಳಗೆ, ಜಾರುವ ನೀರು. ಎರಡು ದಿನ ಇಟ್ಟರೂ ಎಣ್ಣೆ ಮೇಲೆ ಬರುವುದಿಲ್ಲ. ಅದನ್ನು ಹೋಟೆಲಿನ ಗ್ರೀಸ್ ಟ್ರ್ಯಾಪಿಗೆ, ಅಂದರೆ ಜಿಡ್ಡು ತಡೆಯುವ ತೊಟ್ಟಿಗೆ, ಹಾಕಿದರೆ, ಹಾಗೆಯೇ ದಾಟಿ ಒಳಚರಂಡಿಯಲ್ಲಿ ಹೋಗಿ ಗಟ್ಟಿಯಾಗುತ್ತದೆ. ತಪ್ಪು ಎಲ್ಲಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು, ಒಂದು ಅಲ್ಯೂಮಿನಿಯಂ ರೆಕ್ಕೆಚಕ್ರವೂ ಬೇಕಾಯಿತು. ಕಾಸ್ಟಿಕ್ ಸೋಡಾ ಹಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಬುಸುಗುಟ್ಟಿ ಕಪ್ಪಾಗಿ, ಮೈತುಂಬ ಸಿಡುಬಿನ ಕಲೆ. ದಂಡ 11,000. ಕಾಸ್ಟಿಕ್ ಲೋಹವನ್ನು ತಿನ್ನುತ್ತದೆ, ಜೊತೆಗೆ ಜಿಡ್ಡನ್ನು ಸಾಬೂನು ಮಾಡುತ್ತದೆ. ಸಾಬೂನಾದ ಮೇಲೆ ಎಣ್ಣೆ ನೀರನ್ನು ಬಿಡುವುದುಂಟೇ? ನೀರನ್ನು ರಭಸದಿಂದ ಚಿಮ್ಮಿಸುವ ಪ್ರೆಶರ್ ಮೆಷಿನ್ ಉಳಿದದ್ದನ್ನೂ ಮಂಜಿನಂತೆ ಪುಡಿ ಮಾಡಿ ಕಲಸಿಬಿಡುತ್ತದೆ.

ಈಗ ಅರ್ಧ ಕೆಲಸ ನೀರು ಸೋಕಿಸದೆಯೇ ಮುಗಿಯುತ್ತದೆ. ಕೆರೆಯಲು ಒಡೆದ ಗೆರಟೆ. ನಗಬೇಡಿ, ರೆಕ್ಕೆಯ ಬಾಗಿಗೆ ಗೆರಟೆಯ ಬಾಗು ಅಳತೆ ಹಿಡಿದಂತೆ ಕೂರುತ್ತದೆ, ಅಲ್ಯೂಮಿನಿಯಂಗೆ ಗೀರು ಬೀಳುವುದಿಲ್ಲ, ಒಂದು ಕಾಯಿ ತುರಿದರೆ ಎರಡು ಸಲಕರಣೆ ಸಿಗುತ್ತದೆ. ಮೂರು ತಿಂಗಳು ತೊಳೆಯದ ಫ್ಯಾನಿನಿಂದ ನಾಲ್ಕೈದು ಕಿಲೋ ಜಿಡ್ಡು ಬಕೆಟ್ಟಿಗೆ ಬರುತ್ತದೆ. ಆಮೇಲೆ ಅಡುಗೆಮನೆಯ ಬಾಯ್ಲರಿನ ಬಿಸಿನೀರು, ಸಣ್ಣ ಧಾರೆಯಲ್ಲಿ. ಕಾಸ್ಟಿಕ್ ಇಲ್ಲ. ಸೌಮ್ಯ ಪುಡಿಯೊಂದನ್ನು ಕೊನೆಯ ಸುತ್ತಿಗೆ ಮಾತ್ರ, ಅದೂ ಬಟ್ಟೆಯಲ್ಲಿ ಒರೆಸಲು. ನೀರು 200ರಿಂದ 60 ಲೀಟರಿಗೆ ಇಳಿಯಿತು.

ಆದರೂ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುವುದು ತಲೆನೋವಿನ ಕೆಲಸವಾಗಿತ್ತು. ಒಂದು ಜನವರಿಯ ಬೆಳಗ್ಗೆ ಮನೆಯಲ್ಲಿ ತಲೆಗೆ ಹಚ್ಚುವ ತೆಂಗಿನೆಣ್ಣೆ ಬಾಟಲಿಯಲ್ಲಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ತೆಂಗಿನೆಣ್ಣೆ 24 ಡಿಗ್ರಿಯ ಸುತ್ತಮುತ್ತ ಗಟ್ಟಿಯಾಗುತ್ತದೆ. ನಮ್ಮ ಊರಿನಲ್ಲಿ ವರ್ಷಕ್ಕೆ ಕೆಲವೇ ದಿನ ಈ ಭಾಗ್ಯ. ಉಳಿದ ದಿನಗಳಲ್ಲಿ ಡ್ರಮ್ಮಿನ ಎಣ್ಣೆಯನ್ನು ಹೀಗೆ ಗಟ್ಟಿ ಮಾಡಲು ಏನು ಮಾಡುವುದು? ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ನಮ್ಮ ಮೀನಿನ ಧಕ್ಕೆಯಲ್ಲಿ, ನಸುಕಿನಲ್ಲೇ ಐಸು ಸಿಗುತ್ತದಲ್ಲ! ಮೊದಲ ಸಲ ಪುಡಿ ಐಸನ್ನು ಡ್ರಮ್ಮಿಗೇ ಸುರಿದೆ. ಎಣ್ಣೆ ಗಟ್ಟಿಯಾಯಿತು, ಆದರೆ ಕರಗಿದ ಐಸಿನ ನೀರು ಸೇರಿ 60 ಇದ್ದದ್ದು 70 ಲೀಟರಾಯಿತು. ಈಗ ಐಸನ್ನು ಮುಚ್ಚಳ ಬಿಗಿದ ಕ್ಯಾನುಗಳಲ್ಲಿ ತುಂಬಿಸಿ ಮುಳುಗಿಸುತ್ತೇನೆ. ಸುಮಾರು 10 ಕಿಲೋ ಸಾಕು, 60 ರೂಪಾಯಿಯ ಒಳಗೆ ಮುಗಿಯುತ್ತದೆ. ಎರಡು ಗಂಟೆಯ ನಂತರ ಮೇಲ್ಭಾಗವನ್ನು ಕೈಯಿಂದ ಒತ್ತಿದರೆ ಹಲ್ವದ ಹಾಗೆ ಹಿಂದಕ್ಕೆ ತಳ್ಳುತ್ತದೆ. ತಂತಿ ಜಾಲರಿಯಲ್ಲಿ ಎತ್ತಿದರೆ ಇಡೀ ಬಿಲ್ಲೆ ಎದ್ದು ಬರುತ್ತದೆ. ಮೀನು ಹುರಿಯುವ ಹೋಟೆಲುಗಳದ್ದು ಎಲ್ಲಕ್ಕಿಂತ ಚೆಂದದ ಬಿಲ್ಲೆ. ವಾಸನೆಯ ಮಾತು ಬೇಡ. ಕೆಳಗಿನ ಮಬ್ಬು ನೀರಿಗೆ ಸ್ಫಟಿಕದ ಕಲ್ಲು (ಆಲಂ) ತಿರುವಿದರೆ ಹೊಲಸು ಹತ್ತಿಯಂತೆ ಕೂಡಿ ತಳಕ್ಕೆ ಇಳಿಯುತ್ತದೆ. ಎಷ್ಟು ಹೊತ್ತು ತಿರುವಬೇಕೆಂಬುದು ನಿಮ್ಮ ಕೈಗೇ ತಿಳಿಯಲಿ. ತಿಳಿನೀರು ಧನಿಗಳ ಒಪ್ಪಿಗೆಯ ಮೇಲೆ ಗ್ರೀಸ್ ಟ್ರ್ಯಾಪಿಗೆ, ಅಲ್ಲಿಂದ ಒಳಚರಂಡಿಗೆ. ಮಳೆನೀರಿನ ಚರಂಡಿಗೆ ಎಂದೂ ಇಲ್ಲ.

ಸ್ಫಟಿಕಕ್ಕೆ ಮೊದಲು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿದ್ದ ಸುಣ್ಣವನ್ನೂ ಹಾಕಿ ನೋಡಿದ್ದೆ. ಮೊಸರು ಒಡೆದಂತೆ ಒಡೆಯಿತು, ಆದರೆ ನೀರಿನ ಕ್ಷಾರ ಏರಿ ಕೈ ಸುಲಿಯಿತು. ಮರದ ಪುಡಿಯದ್ದು ಬೇರೆಯೇ ಕಥೆ. ಸಾಮಿಲ್ಲಿನವರು ಪುಕ್ಕಟೆ ಕೊಡುತ್ತಾರೆಂದು ಜಿಡ್ಡನ್ನೆಲ್ಲ ಅದಕ್ಕೆ ಹೀರಿಸಿ ಗೋಣಿಯಲ್ಲಿ ಕಟ್ಟಿ ಶೆಡ್ಡಿನಲ್ಲಿಟ್ಟೆ. ಮರುದಿನ ಸಂಜೆ ಗೋಣಿ ಮುಟ್ಟಿದರೆ ಬಿಸಿ. ಒಳಗೆ ಕೈ ಹಾಕಿದವನು ತಟ್ಟನೆ ಹಿಂದಕ್ಕೆಳೆದೆ, ಹೊಗೆಯ ವಾಸನೆ. ಬೆಂಕಿ ಕಡ್ಡಿಯಿಲ್ಲದೆ ಎಣ್ಣೆ ತಾನೇ ಕಾಯುತ್ತದೆ ಎಂಬುದನ್ನು ಅಂದು ಕಲಿತೆ. ನಾಲ್ಕು ಬಕೆಟ್ ನೀರು ಸುರಿದು ಅಂಗಳದಲ್ಲಿ ಹರಡಿದೆ. ಪುಡಿ, ಹಳೆಯ ಬಟ್ಟೆ ಏನೇ ಇರಲಿ, ಎಣ್ಣೆ ಕುಡಿದದ್ದನ್ನು ರಾಶಿ ಹಾಕಿ ಇಡಬೇಡಿ.

ಬಿಲ್ಲೆಯನ್ನು ಕಂಡು, ಬಯೋಡೀಸೆಲ್‌ಗೆಂದು ಕರಿದ ಎಣ್ಣೆ ಕೊಳ್ಳುವವರು ಮೊದಲು ಮೂಗು ಮುರಿದರು. ಸೋಸಿ ಕೊಟ್ಟ ಮೇಲೆ ಕಿಲೋಗೆ 12-15 ಕೊಡುತ್ತಿದ್ದಾರೆ. ಅದರಿಂದ ನಾನು ಸಾಹುಕಾರನಾಗುವುದಿಲ್ಲ, ಐಸಿನ ಖರ್ಚು ಹುಟ್ಟುತ್ತದೆ. ದರವನ್ನು 3,500ರಿಂದ 5,500ಕ್ಕೆ ಏರಿಸಿದಾಗ ಮೂರು ಹೋಟೆಲಿನವರು ಬಿಟ್ಟರು. ಇಬ್ಬರು ಮರಳಿದರು, ಹೊಸದಾಗಿ ಏಳು ಸೇರಿದರು. ಉಡುಪಿಯ ಆ ಧನಿಗಳ ಹೋಟೆಲೂ ಈಗ ನನ್ನದೇ. ಏಣಿ ಇಡುವ ಮೊದಲು ಕವಾಟ ತೋರಿಸಲು ಅವರೇ ಟಾರ್ಚ್ ಹಿಡಿದು ಮೇಲೆ ಬರುತ್ತಾರೆ.

ಸೋತದ್ದು ಚೈನೀಸ್ ಅಂಗಡಿಗಳಲ್ಲಿ. ಅವರದ್ದು ಸೂರ್ಯಕಾಂತಿ ಎಣ್ಣೆ, ಎಷ್ಟು ಐಸು ಇಟ್ಟರೂ ಹೆಪ್ಪುಗಟ್ಟುವುದಿಲ್ಲ. ತೆಂಗಿನ ನಾರಿನ ಪುಡಿಯನ್ನು ತೆಳು ಚೀಲದಲ್ಲಿ ತುಂಬಿ ಮೇಲೆ ತೇಲಿಬಿಟ್ಟಿದ್ದೇನೆ. ಸ್ವಲ್ಪ ಕುಡಿಯುತ್ತದೆ, ಎಣ್ಣೆಗಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ. ಪುಡಿಯನ್ನು ಮೊದಲು ಬಿಸಿಲಿನಲ್ಲಿ ಕಾಯಿಸಿ ನೋಡಬೇಕೆಂದಿದ್ದೇನೆ, ಬಿಸಿಲು ಬಂದ ಮೇಲೆ.