ಅಳಿವೆಯಲ್ಲಿ ಕೈಕೊಡುತ್ತಿದ್ದ ಎಂಜಿನ್ ಕೊನೆಗೂ ಓಡಿತು

ಕುಂದಾಪುರದ ಪಕ್ಕ ಹೊಳೆ ಕಡಲಿಗೆ ಸೇರುವ ಗಂಗೊಳ್ಳಿ ಅಳಿವೆಯನ್ನು ಮಳೆಗಾಲದಲ್ಲಿ ನಾಡದೋಣಿಯಲ್ಲಿ ದಾಟಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಎರಡು ದೊಡ್ಡ ತೆರೆಗಳ ನಡುವಿನ ಬಿಡುವನ್ನು ನೋಡಿಕೊಂಡು, ಎಂಜಿನ್ನಿನ ವೇಗದ ಹಿಡಿಯನ್ನು ಪೂರ್ತಿ ತಿರುಗಿಸಿ ಕಡಲಿಗೆ ಹೊರಬೀಳಬೇಕು. ನನ್ನ ಎಂಜಿನ್ ಸರಿಯಾಗಿ ಅದೇ ಹೊತ್ತಿಗೆ ಇಪ್ಪತ್ತೈದು ಮೂವತ್ತು ಸೆಕೆಂಡು ಜೋರಾಗಿ ಎಳೆದು, ಆಮೇಲೆ ಉಬ್ಬಸ ಹಿಡಿದವರ ಹಾಗೆ ಏದುಸಿರು ಬಿಡುತ್ತಿತ್ತು. ವೇಗ ತಗ್ಗಿಸಿದರೆ ಚೇತರಿಸಿಕೊಳ್ಳುತ್ತಿತ್ತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ರಾಗ. ಅರ್ಧ ವೇಗದಲ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಂದು ತಕರಾರೂ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಮ್ಮಂಥವರಿಗೆ ದುಡಿಮೆಯ ಕಾಲ ಅದೇ. ಹೋದ ವರ್ಷ ಆ 61 ದಿನಗಳಲ್ಲಿ ನಾನು ಕಡಲಿಗೆ ಇಳಿದದ್ದು ಹದಿನೈದೋ ಹದಿನಾರೋ ದಿನ. ಪಕ್ಕದ ದೋಣಿಯವರು ಸಿಗಡಿ ತಂದು ಸುರಿಯುವಾಗ ನಾನು ದಡದಲ್ಲಿ ಕುಳಿತು ಪ್ಲಗ್ ಉಜ್ಜುತ್ತಿದ್ದೆ.

ಎಂಜಿನ್ 9.9 ಎಚ್‌ಪಿಯದು, ಟು ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲಿನದು. ಸೀಮೆಎಣ್ಣೆ ಸರಿಯಾಗಿ ಸಿಗದೆ ಬೇಸತ್ತು, ಹಳೆಯ ಸೀಮೆಎಣ್ಣೆ ಎಂಜಿನ್ ಮಾರಿ, ಸೆಕೆಂಡ್ ಹ್ಯಾಂಡಿನಲ್ಲಿ ಇದನ್ನು 60 ಸಾವಿರದ ಆಸುಪಾಸಿನಲ್ಲಿ ಕೊಂಡಿದ್ದೆ. ಟ್ಯಾಂಕ್, ಪೈಪ್, ಪೈಪಿನ ನಡುವೆ ಕೈಯಿಂದ ಒತ್ತಿ ಪೆಟ್ರೋಲ್ ತುಂಬಿಸುವ ರಬ್ಬರ್ ಬಲ್ಬ್ ಎಲ್ಲ ಹಳೆಯ ಎಂಜಿನ್‌ನದೇ. ಚೆನ್ನಾಗಿಯೇ ಇದೆಯಲ್ಲ, ಹೊಸದೇಕೆ ಎಂದು ಉಳಿಸಿಕೊಂಡೆ. ಈ ಜಿಪುಣತನದ ಲೆಕ್ಕ ಮುಂದೆ ಬರುತ್ತದೆ.

ಮೊದಲು ಮೆಕ್ಯಾನಿಕ್ ಹತ್ತಿರ ಹೋದೆ. ಕಾರ್ಬೊರೇಟರ್ ಬಿಚ್ಚಿ ತೊಳೆದು 700 ರೂಪಾಯಿ ತೆಗೆದುಕೊಂಡರು. ಎರಡು ದಿನ ಬಿಟ್ಟು ಮತ್ತೆ ತೊಳೆದರು. ಆಮೇಲೆ ಕಾರ್ಬೊರೇಟರ್ ಕಿಟ್, ಪಂಪಿನ ಡಯಾಫ್ರಾಮ್, ಪ್ಲಗ್ ಎರಡು, ಕೊನೆಗೆ ಕಾಯಿಲ್. ಎಲ್ಲ ಸೇರಿ 11-12 ಸಾವಿರ ಹೋಯಿತು. ಪ್ರತಿ ಸಲವೂ ಶೆಡ್ಡಿನ ಡ್ರಮ್ಮಿನ ನೀರಿನಲ್ಲಿ ಓಡಿಸಿ ತೋರಿಸುತ್ತಿದ್ದರು. ಅಲ್ಲಿ ಸಿಂಹದ ಹಾಗೆ ಗರ್ಜಿಸುತ್ತಿತ್ತು. ಗರ್ಜಿಸದೆ ಏನು? ಡ್ರಮ್ಮಿನಲ್ಲಿ ಎಳೆಯಲು ಭಾರವೇ ಇಲ್ಲ, ಕುಡಿಯುವ ಪೆಟ್ರೋಲ್ ಒಂದು ಗುಟುಕು. ದೋಣಿಗೆ ಕಟ್ಟಿ ಪೂರ್ಣ ವೇಗ ಕೊಟ್ಟರೆ ಅದೇ ಎಂಜಿನ್‌ಗೆ ಗಂಟೆಗೆ 5-6 ಲೀಟರ್ ಬೇಕು. ಇಷ್ಟು ಸಣ್ಣ ಮಾತು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಕಡೆಗೆ ಅವರ ತೀರ್ಪು ಬಂತು: ಕ್ರ್ಯಾಂಕಿನ ಸೀಲ್ ಹೋಗಿದೆ, ರಿಂಗ್ ಸವೆದಿದೆ, ಇಡೀ ಎಂಜಿನ್ ಬಿಚ್ಚಬೇಕು, 22 ಸಾವಿರ ಆಗಬಹುದು. ಭಾವನವರು ಅದಕ್ಕಿಂತ ಮುಂದೆ ಹೋಗಿ, "ಮಾರಿಬಿಡು ಮಾರಾಯ, ಇದು ಮನೆ ಹಾಳು ಮಾಡುವ ಎಂಜಿನ್" ಎಂದರು. "ಭಾವ, ಒಂದು ವಾರ ಕೊಡಿ, ನಾನೇ ನೋಡುತ್ತೇನೆ" ಎಂದದ್ದಕ್ಕೆ ದೋಣಿ ಕಟ್ಟುವ ದಕ್ಕೆಯಲ್ಲಿದ್ದ ನಾಲ್ಕು ಜನ ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ.

ನನ್ನ ಪ್ರಯತ್ನಗಳೂ ಆರಂಭದಲ್ಲಿ ನಗುವ ಹಾಗೆಯೇ ಇದ್ದವು. ಪ್ರೊಪೆಲ್ಲರಿನ ಒಳಗಿನ ರಬ್ಬರ್ ಜಾರುತ್ತಿರಬಹುದು ಎಂದು ನಡುವಿನ ಲೋಹಕ್ಕೂ ಹೊರಭಾಗಕ್ಕೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದು ಓಡಿಸಿದೆ. ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ. ಅಲ್ಲದೆ ರಬ್ಬರ್ ಜಾರಿದರೆ ಎಂಜಿನ್ ಸದ್ದು ಏರಬೇಕು, ನನ್ನದು ಇಳಿಯುತ್ತಿತ್ತು. ಬಣ್ಣ ಬಳಿಯುವ ಮೊದಲೇ ಹೊಳೆಯಬೇಕಿತ್ತು. ಇನ್ನೊಂದು ದಿನ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಹೆಚ್ಚು ಹಾಕಿದರೆ ಸೀಲಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ ಸುಮಾರು ಒಂದೂವರೆ ಪಟ್ಟು ಹಾಕಿದೆ. ಹೊಗೆಯಲ್ಲಿ ಹಿಂದಿನ ದೋಣಿಯೇ ಕಾಣಲಿಲ್ಲ, ಪ್ಲಗ್ ಎರಡೂ ಹೋದವು.

ಮೊದಲ ಸುಳಿವು ಪ್ಲಗ್‌ನಲ್ಲಿಯೇ ಸಿಕ್ಕಿತು. ಮೆಕ್ಯಾನಿಕ್ ನೋಡಿದಾಗಲೆಲ್ಲ ಅದು ಕಪ್ಪಾಗಿ ಎಣ್ಣೆ ಎಣ್ಣೆಯಾಗಿರುತ್ತಿತ್ತು, ಏಕೆಂದರೆ ನಾನು ನಿಧಾನ ವೇಗದಲ್ಲಿ ತೆವಳಿಕೊಂಡು ದಡಕ್ಕೆ ಬಂದಿರುತ್ತಿದ್ದೆ. ಒಂದು ದಿನ ಪಂಚಗಂಗಾವಳಿ ಹೊಳೆಯ ಒಳನೀರಿನಲ್ಲಿ ಪೂರ್ಣ ವೇಗ ಕೊಟ್ಟು, ಏದುಸಿರು ಶುರುವಾದ ಕೂಡಲೇ ಎಂಜಿನ್ ನಿಲ್ಲಿಸಿ, ತೇಲುತ್ತಲೇ ಪ್ಲಗ್ ಬಿಚ್ಚಿದೆ. ಕೈ ಸುಟ್ಟಿತು. ಪ್ಲಗ್‌ನ ಮೂತಿ ಸುಣ್ಣದ ಹಾಗೆ ಬೆಳ್ಳಗಿತ್ತು. ಪೆಟ್ರೋಲ್ ಸಾಲದೆ ಸುಡುತ್ತಿದೆ ಎಂದು ಅರ್ಥ. ಟು ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ ತಾನೆ. ಹೀಗೇ ಇನ್ನೂ ನಾಲ್ಕು ದಿನ ಓಡಿಸಿದ್ದರೆ ಪಿಸ್ಟನ್ ಹಿಡಿದುಕೊಂಡು 22 ಸಾವಿರದ ಭವಿಷ್ಯ ನಿಜವಾಗುತ್ತಿತ್ತು.

ಹಾಗಾದರೆ ಪೆಟ್ರೋಲನ್ನು ತಡೆಯುತ್ತಿರುವುದು ಯಾವುದು? ಟ್ಯಾಂಕ್, ಪೈಪ್, ಬಲ್ಬ್ ಎಲ್ಲವನ್ನೂ ಬಿಟ್ಟು ಎಂಜಿನ್‌ಗೆ ನೇರವಾಗಿ ಪೆಟ್ರೋಲ್ ಕೊಟ್ಟು ನೋಡಬೇಕು ಎಂದುಕೊಂಡೆ. ಮನೆಯಲ್ಲಿ ಆಸ್ಪತ್ರೆಯ ಖಾಲಿ ಸಲೈನ್ ಬಾಟಲಿ, ಟ್ಯೂಬು ಸಮೇತ ಇತ್ತು. ಪೆಟ್ರೋಲ್ ತುಂಬಿ ಬಿದಿರಿಗೆ ಕಟ್ಟಿ ನೇತುಹಾಕಿದೆ. ರೋಗಿಗೆ ಡ್ರಿಪ್ ಹಾಕಿದ ಹಾಗೆ ಕಾಣುತ್ತಿತ್ತು, ಮಕ್ಕಳು ನೋಡಲು ಬಂದರು. ಎಂಜಿನ್ ಮೊದಲಿಗಿಂತ ಬೇಗ ಸತ್ತಿತು. ಎರಡು ದಿನ ನಾನು ಕೂಡ ಕ್ರ್ಯಾಂಕ್ ಸೀಲೇ ಇರಬೇಕು ಎಂದು ನಂಬಿದೆ. ಮೂರನೇ ದಿನ ಬಾಟಲಿ ಎತ್ತಿ ನೋಡಿದರೆ ಅದರ ಪಕ್ಕೆಗಳು ಒಳಗೆ ಸೆಳೆದುಕೊಂಡು ಚಪ್ಪಟೆಯಾಗಿದ್ದವು. ಗಾಳಿ ಹೋಗಲು ದಾರಿಯೇ ಇರಲಿಲ್ಲ, ಟ್ಯೂಬೂ ಸಪೂರ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಬಿಗಿಯಾಗಿದ್ದರೆ ಆಗುವುದೂ ಇದೇ, ಅದನ್ನು ಮೊದಲ ದಿನವೇ ನೋಡಿದ್ದ ಜಾಣ ನಾನು, ಬಾಟಲಿಗೆ ಮಾತ್ರ ಒಂದು ತೂತು ಮಾಡಲು ಮರೆತಿದ್ದೆ.

ಆಮೇಲೆ 5 ಲೀಟರಿನ ಕ್ಯಾನ್ ತೆಗೆದುಕೊಂಡು, ಮುಚ್ಚಳದಲ್ಲಿ ತೂತು ಮಾಡಿ, ದಪ್ಪ ಪೈಪ್ ಹಾಕಿ, ಎಂಜಿನ್‌ಗಿಂತ ಒಂದು ಮೊಳ ಮೇಲೆ ಹಲಗೆಗೆ ಬಿಗಿದೆ. ಇದಕ್ಕಿಂತ ಎತ್ತರ ಬೇಡ, ಕಾರ್ಬೊರೇಟರ್ ಉಕ್ಕಿ ಪೆಟ್ರೋಲ್ ಚೆಲ್ಲುತ್ತದೆ. ಬೀಡಿ ಸೇದುವವರನ್ನು ದೋಣಿಗೆ ಹತ್ತಿಸಲೇಬೇಡಿ. ಪೂರ್ಣ ವೇಗ ಕೊಟ್ಟೆ. ಅರ್ಧ ನಿಮಿಷ, ಒಂದು ನಿಮಿಷ, ಐದು ನಿಮಿಷ. ಎಂಜಿನ್ ಒಮ್ಮೆಯೂ ಏದುಸಿರು ಬಿಡಲಿಲ್ಲ. ಮೊಬೈಲಿನ ಜಿಪಿಎಸ್‌ನಲ್ಲಿ ಗಂಟೆಗೆ 15 ಕಿಲೋಮೀಟರ್ ಚಿಲ್ಲರೆ ತೋರಿಸಿತು. ಕಾಯಿಲೆ ಎಂಜಿನ್ ಒಳಗಿರಲಿಲ್ಲ.

ಉಳಿದದ್ದು ಟ್ಯಾಂಕಿನಿಂದ ಎಂಜಿನ್‌ವರೆಗಿನ ಏಳೆಂಟು ಅಡಿ. ಆದರೆ ಬಲ್ಬ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತಲ್ಲ! ಬಲ್ಬ್ ಗಟ್ಟಿಯಾದರೆ ಪೆಟ್ರೋಲ್ ತುಂಬಿದೆ ಎಂದೇ ನಾವೆಲ್ಲ ಕಲಿತದ್ದು. ಒಳಗೆ ಹರಿಯುವುದು ಕಾಣುವಂಥ, ಗಾರೆ ಕೆಲಸದವರ ಲೆವೆಲ್ ಪೈಪಿನ ಒಂದು ಗೇಣು ತುಂಡನ್ನು ಎಂಜಿನ್ನಿನ ಪಂಪಿಗಿಂತ ಮೊದಲು ಸೇರಿಸಿದೆ. ಅರ್ಧ ವೇಗದಲ್ಲಿ ಪೆಟ್ರೋಲ್ ತುಂಬಿ ಹರಿಯುತ್ತಿತ್ತು. ಪೂರ್ಣ ವೇಗದಲ್ಲಿ ಹತ್ತೇ ಸೆಕೆಂಡಿಗೆ ಗುಳ್ಳೆಗಳ ಸಾಲು, ನಡುವೆ ಪೆಟ್ರೋಲಿನ ಸಣ್ಣ ಸಣ್ಣ ತುಂಡು. ಆ ಪೈಪ್ ಪರೀಕ್ಷೆಗಷ್ಟೇ ಸರಿ, ಪೆಟ್ರೋಲಿಗೆ ಬೇಗ ಗಟ್ಟಿಯಾಗಿ ಬಿರಿಯುತ್ತದೆ.

ಬಲೆ ಕತ್ತರಿಸುವ ಚೂರಿಯಿಂದ ಹಳೆಯ ಪೈಪನ್ನು ಉದ್ದಕ್ಕೆ ಸೀಳಿದೆ. ಬಲ್ಬ್‌ನಿಂದ ಎಂಜಿನ್ ಕಡೆಗೆ ನಾಲ್ಕು ಬೆರಳು ದೂರದಲ್ಲಿ ಒಳಪದರ ಹಾವಿನ ಪೊರೆಯ ಹಾಗೆ ಬಿಟ್ಟುಕೊಂಡು ನಾಲಿಗೆಯಂತೆ ಜೋತಾಡುತ್ತಿತ್ತು. ನಿಧಾನಕ್ಕೆ ಹರಿದರೆ ಪೆಟ್ರೋಲ್ ಅದರ ಪಕ್ಕದಿಂದ ನುಸುಳುತ್ತದೆ, ಜೋರಾಗಿ ಎಳೆದರೆ ಆ ನಾಲಿಗೆಯೇ ಎದ್ದು ಬಾಯಿ ಮುಚ್ಚುತ್ತದೆ. ಬಲ್ಬ್ ಗಟ್ಟಿಯಾಗುತ್ತಿದ್ದದ್ದು ಮುಂದೆ ದಾರಿ ಇಲ್ಲದ್ದಕ್ಕೆ! ವರ್ಷಗಟ್ಟಲೆ ಸೀಮೆಎಣ್ಣೆ ಕುಡಿದು ಒರಟಾಗಿದ್ದ ರಬ್ಬರಿಗೆ ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಬಿದ್ದದ್ದು ಕಾರಣ ಎಂದು ನನ್ನ ಅಂದಾಜು.

ಹೊಸ ಪೈಪ್, ಎರಡು ಕ್ಲಾಂಪ್, ಪೈಪ್ ಎಂಜಿನ್ನಿಗೆ ಸೇರುವ ಕನೆಕ್ಟರಿನ ಒ-ರಿಂಗ್ ಎಂಬ ರಬ್ಬರ್ ಬಳೆ, ಎಲ್ಲ ಸೇರಿ 900 ರೂಪಾಯಿ ಒಳಗೆ. ಒ-ರಿಂಗ್ ಗಾಳಿ ಎಳೆಯುತ್ತಿದೆಯೇ ಎಂದು ಎಂಜಿನ್ ಓಡುತ್ತಿರುವಾಗಲೇ ಪತ್ತೆ ಮಾಡಲು ನನ್ನದೊಂದು ಉಪಾಯವಿದೆ, ಅಡುಗೆಮನೆಯಲ್ಲಿ ಸಿಗುವ ಒಂದು ವಸ್ತು ಸಾಕು. ಅದನ್ನು ಇಲ್ಲಿ ಬರೆಯುವುದಿಲ್ಲ. ನಕ್ಕ ನಾಲ್ವರಲ್ಲಿ ಇಬ್ಬರು ಈಗಾಗಲೇ ಕೇಳಿಕೊಂಡು ಬಂದಿದ್ದಾರೆ, ಅವರಿಗೂ ಹೇಳಿಲ್ಲ.

ಓಡಲು ಶುರುವಾದ ಮೇಲೆ ಆಸೆ ಹೆಚ್ಚಿತು. ಎಂಜಿನ್ ಕೂರುವ ಹಲಗೆಯ ಮೇಲೆ ಒಂದು ಇಂಚಿನ ಹಲಸಿನ ಪಟ್ಟಿ ಇಟ್ಟು ಎತ್ತರಿಸಿದೆ. ಹೊಳೆಯಲ್ಲಿ ವೇಗ 16 ದಾಟಿತು. ಅಳಿವೆಯಲ್ಲಿ ತೆರೆಯ ನೆತ್ತಿಗೆ ಏರಿದಾಗ ಪ್ರೊಪೆಲ್ಲರ್ ಗಾಳಿ ನುಂಗಿ ಎಂಜಿನ್ ಕಿರುಚಿತು, ಎದೆ ಬಾಯಿಗೆ ಬಂತು. ಪಟ್ಟಿಯನ್ನು ಕೆತ್ತಿ ಅರ್ಧ ಇಂಚು ಮಾಡಿದ್ದೇನೆ, ಸದ್ಯಕ್ಕೆ ಪರವಾಗಿಲ್ಲ.

ಭಾವನವರು ಈಗ ನನ್ನ ಲೆವೆಲ್ ಪೈಪಿನ ತುಂಡನ್ನು ಒಯ್ದಿದ್ದಾರೆ. ಅವರ ಎಂಜಿನ್ ಕೂಡ ಪೂರ್ಣ ವೇಗದಲ್ಲಿ ಏನೋ ತಡವರಿಸುತ್ತಿದೆಯಂತೆ. ವಾರವಾಯಿತು, ತುಂಡು ವಾಪಸು ಬಂದಿಲ್ಲ.